ಪೆಡಸು: ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಹಾಸನದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದು. ಒಬ್ಬ ಮೇಷ್ಟ್ರ ನಿವೃತ್ತಿಗೆ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಪುಸ್ತಿಕೆ ಮಾಡಿಸಿದರು. ಪರಿಚಯದ ಪುಟ ಬರೆಯೋ ಕೆಲಸ ನನ್ನ ತಲೆಗೆ ಬಿತ್ತು. ಶಿಸ್ತಿನ ಮನುಷ್ಯ, ತಪ್ಪಿಗೆ ರಿಯಾಯಿತಿ ಇಲ್ಲ, ಒಳಗೆ ಮಾತ್ರ ಬೆಣ್ಣೆ ಅಂತ ಹೇಳಬೇಕಿತ್ತು. ಹಾಗೆ ಹೇಳಲು ಹೋಗಿ "ಮೇಷ್ಟ್ರು ನೋಡಲು ತುಸು ಪೆಡಸು ಸ್ವಭಾವದವರು" ಎಂದು ಬರೆದೆ. ಸಮಾರಂಭದ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಪುಸ್ತಿಕೆ ತೆರೆದ ಅವರು ಆ ಸಾಲಿನ ಕೆಳಗೆ ಉಗುರಿನಿಂದ ಗೆರೆ ಎಳೆದು ನನ್ನನ್ನು ಹತ್ತಿರ ಕರೆದರು.

"ಏನಪ್ಪಾ, ನಾನೇನು ಬಿಸಿಲಲ್ಲಿ ಒಣಗಿದ ಚಪ್ಪಲೀನಾ?"

ಅವತ್ತು ಮುಖ ಎತ್ತಿಕೊಂಡು ಓಡಾಡಲಾಗಲಿಲ್ಲ. ಆದರೆ ಅವರ ಆ ಒಂದು ಮಾತಿನಲ್ಲೇ ಈ ಪದದ ಪೂರ್ತಿ ಅರ್ಥ ಇತ್ತು ಅಂತ ಗೊತ್ತಾಗಲು ನನಗೆ ಕೆಲವು ವರ್ಷ ಹಿಡಿಯಿತು. ಪೆಡಸು, ಗಡುಸು, ಬಿಗಿ, ಸೆಟೆ, ಮೊಂಡು, ಗಟ್ಟಿ, ಒರಟು ಇವೆಲ್ಲ ಒಂದೇ ಮನೆಯವು ಎಂದುಕೊಂಡು ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸುವವರು ಈಗಲೂ ಬಹಳ ಜನ. ನಿಘಂಟು ತೆರೆದರೆ ಅಲ್ಲೂ ಇವು ಒಂದರ ಪಕ್ಕ ಒಂದು ಕೂತಿರುತ್ತವೆ, ಹಾಗಾಗಿ ತಪ್ಪು ನಿಮ್ಮೊಬ್ಬರದೇ ಅಲ್ಲ. ಹೇಗೆ ಬೇರ್ಪಡಿಸಬೇಕು ಅನ್ನುವುದನ್ನು ನಾನು ಕಲಿತ ಕ್ರಮದಲ್ಲೇ ಹೇಳುತ್ತೇನೆ.

1. ಮನುಷ್ಯರನ್ನು ಬಿಡಿ, ಮೊದಲು ಚಪ್ಪಲಿ ನೋಡಿ

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಚರ್ಮದ ಚಪ್ಪಲಿ ನೆನೆಯದೆ ಉಳಿಯುವುದಿಲ್ಲ. ನೆನೆದ ಚಪ್ಪಲಿಯನ್ನು ಒಲೆ ಮುಂದೆ ನಿಲ್ಲಿಸುತ್ತೇವೆ. ಬೆಳಗ್ಗೆ ಹೊತ್ತಿಗೆ ಅದು ಒಣಗಿರುತ್ತದೆ, ಆಕಾರವೂ ಕೆಟ್ಟಿರುವುದಿಲ್ಲ, ಆದರೆ ಕಾಲಿಟ್ಟರೆ ಬಗ್ಗುವುದಿಲ್ಲ. ಬಲವಂತ ಮಾಡಿದರೆ ಬೆರಳು ಮಡಚುವ ಜಾಗದಲ್ಲಿ ಸಣ್ಣಗೆ ಬಿರುಕು ಬಿಡುತ್ತದೆ. ಇದು ಪೆಡಸು. ಹಿಂದಿನ ದಿನದವರೆಗೂ ಕಾಲಿನ ಜೊತೆ ಬಗ್ಗುತ್ತಿದ್ದದ್ದು ಈಗ ಪಸೆ ಆರಿ ಬಗ್ಗದಂತಾಗಿದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅದು ಬಗ್ಗಬೇಕಾದ ವಸ್ತು. ಎರಡು, ಬಗ್ಗಿಸಿದರೆ ಮುರಿಯುವ ಅಥವಾ ಸೀಳುವ ಅಂಜಿಕೆ ಇದೆ. ಇವೆರಡೂ ಇಲ್ಲದ ಕಡೆ ಪೆಡಸು ಅನ್ನುವ ಮಾತಿಗೆ ಕೆಲಸವಿಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಲ್ಲನ್ನು ಯಾರೂ ಪೆಡಸು ಅನ್ನುವುದಿಲ್ಲ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಎದ್ದ ಆ ಗುಡಿಯದ್ದು ಬಳಪದ ಕಲ್ಲು. ಅಗೆದು ತೆಗೆದ ಹೊಸದರಲ್ಲಿ ಮೆದುವಾಗಿದ್ದು ಉಳಿಗೆ ಒಗ್ಗುತ್ತದೆ, ಆಮೇಲೆ ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಶಿಲಾಬಾಲಿಕೆಯರ ಮೈಮೇಲಿನ ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಆದದ್ದು ಇದರಿಂದಲೇ. ಕಲ್ಲಿಗೆ ಬಾಗುವ ಕೆಲಸ ಇಲ್ಲ, ಹಾಗಾಗಿ ಅದು ಗಟ್ಟಿ ಅಥವಾ ಗಡುಸು.

ಹೊಸ ಹಗ್ಗವೂ ಪೆಡಸೇ. ಅದು ಪಸೆ ಆರಿದ್ದಲ್ಲ, ಇನ್ನೂ ಹದಕ್ಕೆ ಬಂದಿಲ್ಲದ್ದು. ನಮ್ಮ ಮನೆಯಲ್ಲಿ ಕರುವಿಗೆ ಮೂಗುದಾರ ಹಾಕುವಾಗ ಹೊಸ ಹಗ್ಗವನ್ನು ಹಾಗೇ ಪೋಣಿಸುತ್ತಿರಲಿಲ್ಲ. ನೀರಲ್ಲಿ ನೆನೆಸಿ, ಕಲ್ಲಿನ ಮೇಲೆ ಬಡಿದು, ಹರಳೆಣ್ಣೆ ಸವರಿ, ಎರಡು ಕೈಯಲ್ಲೂ ಉಜ್ಜಿ ಮೆತ್ತಗೆ ಮಾಡಿದ ಮೇಲೇ ಅದು ಕರುವಿನ ಮೂಗಿಗೆ. "ಪೆಡ್ಸ್ ಹಗ್ಗ ಹಾಕ್ಬೇಡ್ರೋ, ಮೂಗು ಹರ್ಕತ್ತದೆ" ಎಂದು ಅಜ್ಜಿ ಕೊಟ್ಟಿಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ.

2. ಎದುರು ಮಾತು ಇಟ್ಟು ನೋಡಿ

ನನಗೆ ಅತ್ಯಂತ ಕೆಲಸಕ್ಕೆ ಬಂದ ಉಪಾಯ ಇದು. ಯಾವ ಪದ ಹಾಕಬೇಕು ಅಂತ ಗೊಂದಲವಾದಾಗ ಅದನ್ನು ಪಕ್ಕಕ್ಕಿಟ್ಟು, "ಇದು ಸರಿಯಾದರೆ ಏನಾಗುತ್ತದೆ?" ಎಂದು ಕೇಳಿಕೊಳ್ಳಿ.

ಸಡಿಲವಾದರೆ ಸರಿ ಅನ್ನಿಸಿದರೆ ಈಗಿರುವುದು ಬಿಗಿ. ಕುಪ್ಪಸ ಬಿಗಿ, ಬಾಟಲಿ ಮುಚ್ಚಳ ಬಿಗಿ. ನುಣುಪಾದರೆ ಅಥವಾ ನಯವಾದರೆ ಸರಿ ಅನ್ನಿಸಿದರೆ ಅದು ಒರಟು. ಚೂಪಾಗಬೇಕಾದರೆ ಮೊಂಡು, ಕತ್ತಿ ಮೊಂಡಾಗಿದೆ, ಮಸೆಯಬೇಕು. ಮೆತ್ತಗಾಗಬೇಕಾದರೆ ಗಟ್ಟಿ. ಇನ್ನು ಹದವಾಗಬೇಕಾದರೆ, ಆಗ ಪೆಡಸು.

ಪೆಡಸಿಗೆ ಎದುರು ಮಾತು ಮೆದು ಅಂತ ಶಾಲೆಯಲ್ಲಿ ಬರೆಸಿರಬಹುದು. ನನಗೆ ಒಪ್ಪಿಗೆಯಿಲ್ಲ. ಹಸಿ ಚರ್ಮವನ್ನು ಚಪ್ಪಲಿಗೆ ಬರುವಂತೆ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ? ಚರ್ಮ ಹದ ಮಾಡುವುದು. ಮೆದು ಮಾಡುವುದು ಅನ್ನುವುದಿಲ್ಲ. ಹದ ಮಾಡಿದ ಚರ್ಮ ಗಟ್ಟಿಯಾಗಿಯೂ ಇರುತ್ತದೆ, ಬಗ್ಗುತ್ತದೆ ಕೂಡ. ಹೊಲ ಹದಕ್ಕೆ ಬಂತು ಅಂದಾಗಲೂ ಇದೇ: ನೇಗಿಲು ಇಳಿಯುವಷ್ಟು ತೇವ, ಹೆಂಟೆ ಕಟ್ಟದಷ್ಟು ಒಣ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕತ್ತಿಯನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಹಾಗೇ ಬಿಟ್ಟರೆ ಪೆಡಸು. ಗಂಟು ಕೊಂಬೆಗೆ ಒಂದೇಟು ಬಿದ್ದರೆ ಬಾಯಿ ಚಕ್ಕೆ ಏಳುತ್ತದೆ. ಅದನ್ನು ಮತ್ತೆ ಹದವಾಗಿ ಕಾಯಿಸಿ ಆರಿಸಿದರೆ ಗಟ್ಟಿತನ ತುಸು ಇಳಿದು ತಾಳಿಕೆ ಬರುತ್ತದೆ. ಮೆದುವಾದ ಕತ್ತಿ ಯಾರಿಗೂ ಬೇಡ, ಹದವಾದ ಕತ್ತಿ ಎಲ್ಲರಿಗೂ ಬೇಕು.

ಒಂದೇ ಚರ್ಮ ಎರಡು ಕಡೆ ಎರಡು ಮಾತು ಕೇಳುವುದನ್ನೂ ನೋಡಿ. ಹಬ್ಬದ ದಿನ ತಮಟೆಯನ್ನು ಹುಲ್ಲು ಉರಿಸಿ ಕಾಯಿಸುತ್ತಾರೆ. ತೇವಕ್ಕೆ ಜೋಲು ಬಿದ್ದಿದ್ದ ಚರ್ಮ ಬಿಗಿಯಾಗಿ ದನಿ ಏಳುತ್ತದೆ. ಅಲ್ಲಿ "ತಮಟೆ ಪೆಡಸಾಯ್ತು" ಅಂದರೆ ಬಡಿಯುವವರು ನಿಮ್ಮ ಮುಖ ನೋಡಿ ನಗುತ್ತಾರೆ. ಬಿಗಿ ಬೇಕಾದ ಗುಣ. ಪೆಡಸು ಯಾವತ್ತೂ ಬೇಡದ ಗುಣ. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ, ಮನುಷ್ಯರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

3. ಗಡುಸು, ಪೆಡಸು ಎರಡೂ ಒಂದೇ ವಾಕ್ಯದಲ್ಲಿ

ಅಭ್ಯಾಸಕ್ಕೆ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಗಡಸು ನೀರಲ್ಲಿ ಒಗೆದ ಬಟ್ಟೆ ಪೆಡಸಾಗುತ್ತೆ."

ಆಳದ ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ಸೋಪು ನೊರೆ ಬರುವುದಿಲ್ಲ; ಲವಣದ ಜೊತೆ ಸೇರಿ ಬೆಳ್ಳಗೆ ಕೊಳೆಯಂತೆ ಕೂರುತ್ತದೆ. ಆ ಅಂಟು ದಾರದ ಎಳೆಗಳ ನಡುವೆ ಉಳಿದು ಟವೆಲ್ಲು ಒಣಗಿದ ಮೇಲೆ ಹಪ್ಪಳದಂತೆ ನಿಲ್ಲುತ್ತದೆ. ನೀರು ಗಡಸು, ಟವೆಲ್ಲು ಪೆಡಸು. ಅದಲು ಬದಲು ಮಾಡಿ ಓದಿ ನೋಡಿ, ಕಿವಿಗೇ ತಪ್ಪು ಗೊತ್ತಾಗುತ್ತದೆ. ಪಠ್ಯಪುಸ್ತಕದಲ್ಲಿ ಗಡಸು ಎಂದೇ ಇರುತ್ತದೆ, ಮಾತಲ್ಲಿ ಗಡುಸು ಅನ್ನುವವರೂ ಇದ್ದಾರೆ, ನಾನೂ ಅವರಲ್ಲೊಬ್ಬ. ದನಿಗೆ ಗಡುಸು ಚೆನ್ನಾಗಿ ಒಪ್ಪುತ್ತದೆ: ಗಡುಸು ದನಿಯಲ್ಲಿ ಕೇಳಿದರು.

4. ಅಡುಗೆಮನೆಯಲ್ಲಿ

ಅಕ್ಕಿರೊಟ್ಟಿ ಬಿಸಿಯಿದ್ದಾಗ ಮಡಚಿ ಚಟ್ನಿಗೆ ಅದ್ದಬಹುದು. ಮಧ್ಯಾಹ್ನದ ಡಬ್ಬಿಯಲ್ಲಿ ತೆರೆದಾಗ ಅದೇ ರೊಟ್ಟಿ ಪೆಡಸು. ಬೇಯುವಾಗ ನೀರು ಹೀರಿ ಉಬ್ಬಿದ ಪಿಷ್ಟ ಆರುತ್ತಾ ಮತ್ತೆ ಒತ್ತೊತ್ತಾಗಿ ಕೂಡಿಕೊಳ್ಳುವುದರಿಂದ ಹೀಗಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ. ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿದರೆ ಮಟ್ಟಸವಾಗಿ ಮೆತ್ತಗಾಗುತ್ತದೆ. ಪಸೆ ಕೊಟ್ಟರೆ ಸರಿಹೋಗುವುದು ಪೆಡಸಿನ ಲಕ್ಷಣ ಅನ್ನುವುದಕ್ಕೆ ಇದಕ್ಕಿಂತ ರುಚಿಯಾದ ಉದಾಹರಣೆ ನನ್ನ ಹತ್ತಿರ ಇಲ್ಲ.

ಮುದ್ದೆಗೆ ಮಾತ್ರ ಈ ಪದ ತರಬೇಡಿ. ಮುದ್ದೆ ಗಟ್ಟಿಯಾಗುತ್ತದೆ, ಮೆತ್ತಗಾಗುತ್ತದೆ, ಗಂಟಾಗುತ್ತದೆ. ಬೆಂಡೆಕಾಯಿಗೂ ಬೇಡ. ತುದಿ ಮುರಿದು ನೋಡುತ್ತೀರಲ್ಲ: ಪಟ್ಟನೆ ಮುರಿದರೆ ಎಳೆಯದು, ಮುರಿಯದೆ ಬಗ್ಗಿದರೆ ಬಲಿತದ್ದು. ಇಲ್ಲಿ ಲೆಕ್ಕವೇ ಉಲ್ಟಾ, ಬಗ್ಗುವುದೇ ದೋಷ. ಸಂತೆಯಲ್ಲಿ "ಬಲ್ತೋಗಿದೆ ಕಣಕ್ಕ, ನಾರು" ಅಂದರೆ ಸಾಕು.

5. ಮೈಕೈಗೆ ಬೇರೆ ಮಾತುಗಳಿವೆ

ಕತ್ತು ತಿರುಗಿಸಲಾಗದೆ ಎದ್ದ ಬೆಳಗ್ಗೆ ಡಾಕ್ಟರ ಹತ್ತಿರ ಹೋಗಿ "ಕತ್ತು ಪೆಡಸಾಗಿದೆ" ಅಂದರೆ ಅವರಿಗೆ ಅರ್ಥವಾಗಬಹುದು, ಆದರೆ ಯಾರೂ ಹಾಗನ್ನುವುದಿಲ್ಲ. "ಕತ್ತು ಹಿಡ್ಕೊಂಡಿದೆ" ಅನ್ನಿ. ಬೆನ್ನೂ ಹಾಗೇ, ಹಿಡ್ಕೊಳ್ಳುತ್ತದೆ. ತಿರುವಿಕೊಂಡು ನೋವಾಗಿದ್ದರೆ ಉಳುಕು. ಚಳಿಗೋ ಬಹಳ ಹೊತ್ತು ಮಡಚಿ ಕೂತಿದ್ದಕ್ಕೋ ಕಾಲಿನ ಅರಿವೇ ಹೋಗಿದ್ದರೆ ಅದು ಮರಗಟ್ಟಿದ್ದು, ಜೋಮು ಹಿಡಿದದ್ದು. ಬೆರಳ ಕೀಲು ಬೆಳಗ್ಗೆ ಮಡಚಲು ಆಗದೆ ಹೊತ್ತೇರಿದಂತೆ ಸರಿಹೋಗುತ್ತಿದ್ದರೆ "ಕೀಲು ಬಿಗೀತದೆ" ಅನ್ನಿ, ಎಷ್ಟು ಹೊತ್ತು ಬಿಗಿದಿರುತ್ತದೆ ಅನ್ನುವುದನ್ನೂ ಹೇಳಿ; ಡಾಕ್ಟರು ಹೇಗೂ ಅದನ್ನೇ ಕೇಳುತ್ತಾರೆ.

ಮೈಗೆ ಪೆಡಸು ಒಪ್ಪುವ ಜಾಗ ಮೂರೇ ಮೂರು ನನಗೆ ಕಂಡಿದ್ದು: ಕೂದಲು, ಹಿಮ್ಮಡಿ, ದುಡಿದ ಅಂಗೈ. ಮೂರಕ್ಕೂ ಎಣ್ಣೆ ಹಚ್ಚುತ್ತೇವೆ, ಅಲ್ಲಿಗೆ ಹದದ ಲೆಕ್ಕ ಇಲ್ಲೂ ತಾಳೆಯಾಯಿತು.

ಸೆಟೆ ಅನ್ನುವ ಪದದ ಬಗ್ಗೆ ಒಂದು ಎಚ್ಚರಿಕೆ. ನರ ಸೆಟೆಯುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ, ಧನುರ್ವಾಯುವಿನಲ್ಲಿ ಮೊದಲು ದವಡೆ, ಆಮೇಲೆ ಇಡೀ ಮೈ ಬಿಲ್ಲಿನಂತೆ ಸೆಟೆಯುತ್ತದೆ. ಸತ್ತ ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯುವುದಕ್ಕೂ ಇದೇ ಮಾತು. ಅದಕ್ಕೇ ನಮ್ಮ ಕಡೆ ಮಲಗಿದವರನ್ನು ನೋಡಿ "ಸೆಟ್ಕೊಂಡು ಬಿದ್ದವ್ನೆ" ಅಂದರೆ ಅದು ಬೈಗುಳ, ಹಿರಿಯರಿದ್ದರೆ ಬಿಡ್ತು ಅನ್ನು ಅನ್ನುತ್ತಾರೆ. ಅದೇ ಪದ ಎದ್ದು ನಿಂತರೆ ಹೊಗಳಿಕೆ: ಸೆಟೆದು ನಿಂತ. ಮಲಗಿದರೆ ಬೈಗುಳ, ನಿಂತರೆ ಬಿರುದು. ಕನ್ನಡದ ಇಂಥ ಚೇಷ್ಟೆಗಳಿಗೆ ವ್ಯಾಕರಣದಲ್ಲಿ ಸೂತ್ರ ಇಲ್ಲ.

6. ಈಗ ಮನುಷ್ಯರು

ಇಲ್ಲಿ ನಿಧಾನವಾಗಿ ಹೋಗಬೇಕು, ಯಾಕೆಂದರೆ ಚಪ್ಪಲಿ ತಿರುಗಿ ಮಾತಾಡುವುದಿಲ್ಲ.

ಒಬ್ಬ ಬಗ್ಗುವುದಿಲ್ಲ ಅಂದಾಗ ಯಾಕೆ ಬಗ್ಗುವುದಿಲ್ಲ ಅನ್ನುವುದನ್ನು ನೋಡಿ. ಹೇಳಿದ್ದು ತಲೆಗೆ ಇಳಿಯುವುದೇ ಇಲ್ಲ, ಎಷ್ಟು ಮಸೆದರೂ ಅಷ್ಟೇ ಅನ್ನುವವನು ಮೊಂಡ. ಅವನು ಮಾಡುವುದು ಮೊಂಡುವಾದ. ಅರ್ಥವಾಗಿದೆ, ಆದರೆ ತನಗೆ ಬೇಕಾದ್ದೇ ಆಗಬೇಕು ಅನ್ನುವುದು ಹಟ. ಮಕ್ಕಳಲ್ಲಿ ಇದನ್ನು ಕ್ಷಮಿಸುತ್ತೇವೆ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಲು ಅಣ್ಣನಿಗೆ ಮನಸ್ಸಿದೆ, ಆದರೆ ಅವಳೇ ಇನ್ನೊಂದು ಸಲ ಫೋನ್ ಮಾಡಲಿ ಅಂತ ಪಂಚೆ ಉಟ್ಟುಕೊಂಡು ಜಗಲಿ ಮೇಲೆ ಕೂತಿದ್ದಾನೆ. ಅದು ಬಿಗುಮಾನ. ಇದ್ದದ್ದನ್ನು ಮುಖಕ್ಕೆ ಹೊಡೆದಂತೆ ಹೇಳಿ ಬೇಕಾದವರನ್ನೂ ಕಳೆದುಕೊಳ್ಳುವವರು ನಿಷ್ಠುರದವರು. ನಿಯಮ ಬಿಟ್ಟು ಅಲುಗಾಡದ ಅಧಿಕಾರಿಗೆ ಪತ್ರಿಕೆಯವರು ಖಡಕ್ ಅನ್ನುತ್ತಾರೆ. ಆ ಪದ ಮುಕ್ಕಾಲು ಪಾಲು ಹೊಗಳಿಕೆ. ಕಾಲು ಪಾಲು ಏನು ಅಂತ ಅವರ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಿ.

ಪೆಡಸು ಇವ್ಯಾವುದೂ ಅಲ್ಲ. ಪೆಡಸು ಮನುಷ್ಯ ಹಟ ಮಾಡದೆಯೂ ಇರಬಹುದು, ಕೇಳಿದ ಸಹಾಯ ಮಾಡಿಯೂ ಕೊಡಬಹುದು. ಆದರೆ ಮಾತಿನಲ್ಲಿ ಪಸೆ ಇರುವುದಿಲ್ಲ. "ಊಟ ಆಯ್ತಾ ಸಾರ್?" ಅಂದರೆ "ಈಗ ಗಂಟೆ ಎಷ್ಟು?" ಅನ್ನುವ ಪೈಕಿ. ಜೊತೆಗೆ ಹೆಚ್ಚು ಒತ್ತಿದರೆ ಸೀಳು ಬಿಡುತ್ತಾನೆ ಅನ್ನುವ ಅಂಜಿಕೆ ಎದುರಿನವರಿಗೆ. ಹಾಗಾಗಿ ಈ ಪದದಲ್ಲಿ ಗೌರವ ಇಲ್ಲ, ದ್ವೇಷವೂ ಇಲ್ಲ, ತುಸು ಕನಿಕರ ಇದೆ. ಮೊದಲು ಹೀಗಿರಲಿಲ್ಲ, ಹೆಂಡತಿ ಹೋದ ಮೇಲೆ ಪೆಡಸಾಗಿಬಿಟ್ಟರು ಅನ್ನುವ ವಾಕ್ಯದಲ್ಲಿ ಅದು ತನ್ನ ಪೂರ್ತಿ ತೂಕದಲ್ಲಿ ಕೂರುತ್ತದೆ. "ಹೆಂಡತಿ ಹೋದ ಮೇಲೆ ಮೊಂಡಾಗಿಬಿಟ್ಟರು" ಅಂದು ನೋಡಿ, ಆ ಮನುಷ್ಯನನ್ನೇ ಬೇರೆ ಮಾಡಿಬಿಟ್ಟಿರಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ಎಲ್ಲ ಬಗ್ಗದವರಿಗೂ ಅಂಟಿಸುವುದು ರೂಢಿ. ಅದು ಮೊಂಡರಿಗೆ ಸರಿ. ಪೆಡಸಿಗೆ ತಾಳೆಯಾಗದು, ಯಾಕೆಂದರೆ ಪೆಡಸಾದದ್ದು ಗಿಡವಾಗಿದ್ದಾಗ ಬಗ್ಗುತ್ತಿತ್ತು.

ನಮ್ಮ ಮೇಷ್ಟ್ರಿಗೆ ಬೇಜಾರಾದದ್ದು ಇದಕ್ಕೇ. ನಾನು ಅವರನ್ನು ಬೈದಿರಲಿಲ್ಲ. ಪಸೆ ಆರಿದವರು ಅಂದಿದ್ದೆ, ಅದೂ ನಿವೃತ್ತಿಯ ದಿನ. ಉಳಿದ ಪ್ರತಿಗಳಿಗೆ ಆ ಹಾಳೆ ಮಾತ್ರ ಬೇರೆ ಅಚ್ಚು ಹಾಕಿಸಿದೆ: "ಮೇಷ್ಟ್ರು ತಪ್ಪಿಗೆ ನಿಷ್ಠುರ, ತಪ್ಪು ಮಾಡಿದ ಹುಡುಗನಿಗಲ್ಲ." ಒಂದು ಪ್ರತಿ ಅವರ ಮನೆಗೆ ಕೊಟ್ಟು ಬಂದೆ. ವಾರದ ಮೇಲೆ ಅದೇ ಪ್ರತಿ ನನಗೆ ವಾಪಸ್ ಬಂತು. ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ 7/10.

7. ಬರವಣಿಗೆ ಪೆಡಸಾದಾಗ

ಭಾಷೆಗೆ ಈ ಪದ ಬಹಳ ಚೆನ್ನಾಗಿ ಹೊಂದುತ್ತದೆ. ಕ್ಲಿಷ್ಟ ಅಂದರೆ ಅರ್ಥವಾಗದ್ದು. ಪೆಡಸು ಅಂದರೆ ಅರ್ಥವಾಗುತ್ತದೆ, ಬಾಯಿಗೆ ಒಗ್ಗುವುದಿಲ್ಲ. ಕರಡು ತಿದ್ದುವಾಗ ನನ್ನ ಅರ್ಧ ಆಯಸ್ಸು ಹೋಗಿರುವುದು ಇಂಥವಕ್ಕೆ. ಇದೊಂದು ನೋಟೀಸು ನೋಡಿ, ಇಂಥದ್ದು ಎಲ್ಲ ಊರಲ್ಲೂ ಇರುತ್ತದೆ:

"ಕೊಳವೆ ದುರಸ್ತಿ ಕಾಮಗಾರಿಯನ್ನು ಹಮ್ಮಿಕೊಳ್ಳಲಾಗಿರುವುದರಿಂದ ನಾಳೆ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ."

ತಪ್ಪು ಒಂದೂ ಇಲ್ಲ. ಆದರೆ ಹಮ್ಮಿಕೊಳ್ಳಲಾಗಿರುವುದರಿಂದ, ಕೋರಲಾಗಿದೆ ಅನ್ನುವಲ್ಲಿ ಹಮ್ಮಿಕೊಂಡವರು ಯಾರು, ಕೋರಿದವರು ಯಾರು ಅಂತ ಇಲ್ಲ. ಮನುಷ್ಯರು ಹೋದ ಕೂಡಲೇ ವಾಕ್ಯದ ಪಸೆ ಆರುತ್ತದೆ. ಹದ ಮಾಡುವುದು ಹೀಗೆ. ಮೊದಲು ಪಕ್ಕದ ಮನೆಯವರಿಗೆ ಬಾಯಲ್ಲಿ ಹೇಗೆ ಹೇಳುತ್ತೀರಿ ಅಂತ ನೋಡಿ: "ನಾಳೆ ನೀರು ಬರಲ್ವಂತೆ, ಪೈಪ್ ರಿಪೇರಿ, ಇವತ್ತೇ ಹಿಡಿದಿಟ್ಕೊಳ್ಳಿ." ಆಮೇಲೆ ಅದಕ್ಕೆ ನೋಟೀಸಿಗೆ ತಕ್ಕ ಮರ್ಯಾದೆ ಕೊಡಿ: "ಪೈಪ್ ರಿಪೇರಿ ಇರುವುದರಿಂದ ನಾಳೆ ನೀರು ಬರುವುದಿಲ್ಲ. ದಯವಿಟ್ಟು ಇವತ್ತೇ ತುಂಬಿಸಿಟ್ಟುಕೊಳ್ಳಿ." ಮೊದಲನೆಯದರಲ್ಲಿ ನೀರು ಬರುವುದೇ ಇಲ್ಲವೋ ಕಡಿಮೆ ಬರುತ್ತದೋ ಅನ್ನುವುದೂ ಸ್ಪಷ್ಟವಿರಲಿಲ್ಲ ಅಂತ ಈಗ ಗೊತ್ತಾಗುತ್ತದೆ.

ಒಬ್ಬರ ಬರವಣಿಗೆ ನೋಡಿ ಅಭಿಪ್ರಾಯ ಹೇಳುವಾಗ "ನೀವು ಪೆಡಸಾಗಿ ಬರೀತೀರಿ" ಅನ್ನಬೇಡಿ, "ಈ ವಾಕ್ಯ ಪೆಡಸಾಗಿದೆ" ಅನ್ನಿ. ಕಾರಣ ಆರನೆಯ ಹಂತದಲ್ಲಿದೆ.

8. ರೂಪಗಳು

ಇದಕ್ಕೆ ಹೆಚ್ಚು ಹೊತ್ತು ಬೇಡ. ಪೆಡಸು, ಪೆಡುಸು ಎರಡೂ ಬಳಕೆಯಲ್ಲಿವೆ. ಬರಹದಲ್ಲಿ ಪೆಡಸು ಇರಲಿ. ನಾಮಪದದ ಹಿಂದೆ ಹಾಗೇ ನಿಲ್ಲುತ್ತದೆ: ಪೆಡಸು ಕೂದಲು, ಪೆಡಸು ಮಾತು. ಆಗು ಸೇರಿದರೆ ಲೋಪಸಂಧಿಯಾಗಿ ಪೆಡಸಾಗು. ಗುಣ ಹೇಳಬೇಕಾದರೆ ಪೆಡಸುತನ. ಪೆಡಸತ್ವ ಅಂತ ಬರೆದದ್ದನ್ನೂ ನಾನು ತಿದ್ದಿದ್ದೇನೆ, ಕನ್ನಡದ ಪದಕ್ಕೆ ಸಂಸ್ಕೃತದ ಬಾಲ ಅದು, ಹೊಡೆದುಹಾಕಿ. ಹಳಗನ್ನಡದ ಪಾಲು, ಪುಲಿ, ಪೂ ಎಲ್ಲ ಹಾಲು, ಹುಲಿ, ಹೂವಾದವು; ಪೆಡಸು ಮಾತ್ರ ಪೆಟ್ಟಿನ ಹಾಗೆ ತನ್ನ ಪ ಬಿಟ್ಟುಕೊಟ್ಟಿಲ್ಲ. ಹೆಡಸು ಅಂತ ಮಾಡಲು ಹೋಗಬೇಡಿ.

ಅಭ್ಯಾಸ

ಖಾಲಿ ಜಾಗಕ್ಕೆ ಪೆಡಸು, ಬಿಗಿ, ಮೊಂಡು, ಬಿಗುಮಾನ, ಗಟ್ಟಿ ಇವುಗಳಲ್ಲಿ ಒಂದನ್ನು ಹಾಕಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

ಅ) ಗಂಜಿ ಹಾಕಿದ್ದು ಹೆಚ್ಚಾಗಿ ಸೀರೆ ______ ಆಗಿದೆ, ನೆರಿಗೆ ಕೂರ್ತಿಲ್ಲ.
ಆ) ಕಾಫಿ ಗಿಡ ಕಸಿ ಮಾಡೋ ಕತ್ತರಿ ______ ಆಗಿದೆ, ಕೊಂಬೆ ಜಜ್ಜಿ ಹೋಗ್ತಿದೆ.
ಇ) ಅವರಿಬ್ಬರಿಗೂ ಮಾತಾಡಬೇಕು ಅಂತಿದೆ, ______ ಬಿಡ್ತಿಲ್ಲ.
ಈ) ಗೋಣಿಚೀಲದ ಬಾಯಿ ______ಯಾಗಿ ಕಟ್ಟಪ್ಪ, ದಾರೀಲಿ ಕಾಳು ಚೆಲ್ಲತ್ತೆ.
ಉ) ವರದಿಯಲ್ಲಿ ವಿಷಯ ಎಲ್ಲ ಇದೆ, ಭಾಷೆ ______.

ಅ) ಪೆಡಸು. ಆ) ಮೊಂಡು. ಇ) ಬಿಗುಮಾನ. ಈ) ಬಿಗಿ. ಉ) ಪೆಡಸು. ಅಕ್ಕನಿಗೆ ಇದನ್ನು ಕೊಟ್ಟಾಗ ಮೊದಲನೆಯದಕ್ಕೆ ಅವಳು "ಗಟ್ಟಿ" ಹಾಕಿದಳು. ತಪ್ಪು ಕಣೇ ಅಂದೆ. "ಗಂಜಿ ಹಾಕೋಳು ನಾನೋ ನೀನೋ?" ಅಂದಳು. ಮೊದಲನೆಯದಕ್ಕೆ ಮಾತ್ರ ಎರಡನ್ನೂ ಒಪ್ಪಿಕೊಳ್ಳಿ.